ಎಡಗೈಗೊಂದು ಮೌಸ್

ಕಳೆದ ವರ್ಷ ನನ್ನ ಗಂಡನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಮಾತು ಉಳಿಯಿತು. ಕಾಲು ಮೂರು ತಿಂಗಳಲ್ಲಿ ಒಂದಿಷ್ಟು ಸುಧಾರಿಸಿತು. ಕೈ ಮಾತ್ರ ತೊಡೆಯ ಮೇಲೆ ಇಟ್ಟಲ್ಲೇ ಇರುತ್ತಿತ್ತು. ಹೊಸನಗರದಲ್ಲಿ ಮನೆ ಕಟ್ಟುವವರಿಗೆ ನಕ್ಷೆ ಮಾಡಿಕೊಡುವುದು ಅವರ ಕೆಲಸ. ಅಡುಗೆಮನೆ ಎಲ್ಲಿ, ಬಚ್ಚಲು ಎಲ್ಲಿ, ಬಾಗಿಲು ಯಾವ ಕಡೆಗೆ ತೆರೆಯಬೇಕು ಎಂದು ಇಪ್ಪತ್ತು ವರ್ಷ ಕಂಪ್ಯೂಟರಿನ ಮುಂದೆ ಕೂತು ಗೆರೆ ಎಳೆದವರು. ನಾನು ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತೇನೆ. ಆ ಗೆರೆಗಳನ್ನು ಓದಲು ನನಗೆ ಇವತ್ತಿಗೂ ಬರುವುದಿಲ್ಲ.

ಒಂದು ಬೆಳಿಗ್ಗೆ ಅವರಾಗಿಯೇ, "ಎಡಗೈಲಿ ಮಾಡಿ ನೋಡ್ತೀನಿ" ಎಂದರು. ನಾನು ಹಳೆಯ ಮೌಸನ್ನು ಎಡಗಡೆಗೆ ಇಟ್ಟುಕೊಟ್ಟೆ. ಅದರ ವಯರು ಮೇಜಿನ ಅಂಚಿಗೆ ಸಿಕ್ಕಿ ಹಿಂದಕ್ಕೆ ಎಳೆಯುತ್ತಿತ್ತು. ಬಲಗೈಯಲ್ಲಿದ್ದಾಗ ಅದನ್ನು ಒಂದು ಸಲ ಒದರಿ ಸರಿಮಾಡಿಕೊಳ್ಳುತ್ತಿದ್ದರು ಎಂದು ಕಾಣುತ್ತದೆ, ನಾನು ಗಮನಿಸಿದವಳೇ ಅಲ್ಲ. ಈಗ ವಯರು ಎಳೆದಾಗಲೆಲ್ಲ ಕೈಯೂ ಅದರ ಜೊತೆಗೇ ಹೋಗುತ್ತಿತ್ತು. ಸ್ವಲ್ಪ ಹೊತ್ತು ಒದ್ದಾಡಿ ಬಿಟ್ಟರು.

"ವಯರ್ ಇಲ್ದಿದ್ದು ಬೇಕು. ಕೈಗೆ ಹಿತವಾಗಿ ಕೂರಬೇಕು. ನೀನೇ ನೋಡಿ ತಾ ಮಾರಾಯ್ತಿ."

ಊರಿನ ಅಂಗಡಿಯಲ್ಲಿ ಒಂದೇ ಬಗೆಯದಿತ್ತು, ಸಣ್ಣದು. ಅವರ ಅಂಗೈಯ ಅರ್ಧಕ್ಕೂ ಸಾಲಲಿಲ್ಲ. ಬೆರಳು ಮಡಚಿ ಹಿಡಿಯಬೇಕಾಗಿ ಹತ್ತೇ ನಿಮಿಷಕ್ಕೆ ಕೈ ಸೆಟೆದುಕೊಂಡಿತು. ಆ ಶನಿವಾರ ಶಾಲೆ ಮುಗಿಸಿ ಸಾಗರಕ್ಕೆ ಹೊರಟೆ. ಹೊರಡುವ ಮುಂಚೆ ಅವರು ಒಂದು ಬಿಳಿ ಹಾಳೆ ತರಿಸಿ, ಅದರ ಮೇಲೆ ಎಡಗೈ ಊರಿ, "ಸುತ್ತ ಪೆನ್ಸಿಲ್ ಎಳಿ. ಸ್ಕೇಲ್ ಇಟ್ಟು ಅಳತೆ ಬರ್ಕ" ಎಂದರು. ಎಳೆದೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರ ಕೈ ಎಷ್ಟು ಉದ್ದ, ಎಷ್ಟು ಅಗಲ ಎಂದು ನನಗೆ ಅವತ್ತು ಗೊತ್ತಾಯಿತು.

ಸಾಗರದ ಅಂಗಡಿಯವರು ನಾಲ್ಕು ಪೆಟ್ಟಿಗೆ ತೆಗೆದಿಟ್ಟರು. ಕೈಗೆ ಬಹಳ ಹಿತ ಎಂದು ಅವರು ಹೊಗಳಿದ ಮೂರರಲ್ಲೂ ಹೆಬ್ಬೆರಳು ಊರಲು ಎಡಗಡೆಗೆ ಒಂದು ತಗ್ಗಿತ್ತು. ಎಡಗೈಯಲ್ಲಿ ಹಿಡಿದರೆ ಆ ಜಾಗಕ್ಕೆ ಕಿರುಬೆರಳು ಬರುತ್ತದೆ.

"ಎಡಗೈಗೆ ಅಂತ ಬೇರೆ ಇಲ್ವಾ?" ಎಂದೆ.

"ಬರ್ತದೆ ಮೇಡಂ. ನಾವು ತರ್ಸಲ್ಲ. ಕೇಳೋರೇ ಇಲ್ಲ."

"ಒಂದ್ಸಲ ಬಿಚ್ಚಿ ಹಿಡಿದು ನೋಡ್ಲಾ?"

"ಸೀಲ್ ಒಡೆದ್ರೆ ಆಮೇಲೆ ಬೇರೆಯೋರು ತಗಳಲ್ಲ ಮೇಡಂ."

ನಾನು ಚೀಲದಿಂದ ಹಾಳೆ ತೆಗೆದು ಪೆಟ್ಟಿಗೆಯ ಪಕ್ಕದಲ್ಲಿ ಹರಡಿದೆ. ಅವರು ಅದನ್ನು ನೋಡಿ, "ಯಾರ್ದು?" ಎಂದರು. ಹೇಳಿದೆ. ಅವರು ಎರಡೂ ಬದಿ ಒಂದೇ ಥರ ಇದ್ದ ನಾಲ್ಕನೆಯದರ ಸೀಲು ಒಡೆದು ಕೈಗೆ ಕೊಟ್ಟರು. ಹಿಡಿದು ನೋಡಿದೆ. ನನಗೇನೋ ಚೆನ್ನಾಗಿತ್ತು. ಆದರೆ ನನ್ನ ಕೈಗೆ ಹಿತವಾದದ್ದು ಗಂಡನ ಕೈಗೆ ಹೇಗಿರುತ್ತದೆಂದು ನಾನು ಹೇಗೆ ಹೇಳಲಿ? ಅಂಗಡಿಯವರು ಪ್ರೀತಿಯಿಂದ ಬಿಚ್ಚಿಕೊಟ್ಟಿದ್ದನ್ನು ಬೇಡ ಅನ್ನಲಾರದೆ ತಂದೆ. ಅದು ನನ್ನ ಗಂಡನಿಗೆ ಭಾರವಾಯಿತು. ಗುಂಡಿ ಒತ್ತಲು ಹೋದರೆ ಮೌಸೇ ಜಾರುತ್ತಿತ್ತು.

ಹದಿನೈದು ದಿನಕ್ಕೊಮ್ಮೆ ತೀರ್ಥಹಳ್ಳಿಗೆ ಕೈಯ ವ್ಯಾಯಾಮಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ವ್ಯಾಯಾಮ ಮಾಡಿಸುವ ಹೆಂಗಸು ನನ್ನ ಕಥೆಯನ್ನೆಲ್ಲ ಕೇಳಿ, ಕೈಕುಲುಕುವಾಗ ಅಂಗೈ ಹೇಗೆ ನಿಲ್ಲುತ್ತದೋ ಹಾಗೆ ನೆಟ್ಟಗೆ ಹಿಡಿಯುವ ಮೌಸ್ ಇದೆ, ಎಡಗೈಯದೂ ಸಿಗುತ್ತದೆ ಎಂದರು. ಅಲ್ಲಿನದೇ ಒಂದು ಅಂಗಡಿಯಲ್ಲಿ ಹೇಳಿ ತರಿಸಿದೆ. 'ಎಡಗೈ, ಎಡಗೈ' ಎಂದು ಫೋನಿನಲ್ಲಿ ಎಷ್ಟು ಸಲ ನೆನಪಿಸಿದೆನೋ. ಕೊನೆಗೆ ಬಂದದ್ದು ಎಡಗೈಯದೇ.

ಮನೆಗೆ ತಂದು ಅವರ ಕೈಯನ್ನು ಅದರ ಮೇಲೆ ಇಟ್ಟೆ. ಹೆಬ್ಬೆರಳು ತನ್ನ ಜಾಗಕ್ಕೆ ಹೋಗಿ ಕೂತಿತು.

"ಕೂರ್ತದೆ" ಎಂದರು. ಎಷ್ಟೋ ದಿನದ ಮೇಲೆ ಅವರ ಮುಖ ಬಿಚ್ಚಿಕೊಂಡಿದ್ದನ್ನು ನೋಡಿದೆ. ಇನ್ನು ಎಲ್ಲ ಸರಿಹೋಯಿತು ಎಂದುಕೊಂಡು ದೋಸೆ ಹೊಯ್ಯಲು ಒಳಗೆ ಹೋದೆ.

ಹುಂಚದ ಕಡೆಯ ಒಬ್ಬರು ತಮ್ಮ ಮನೆಯ ನಕ್ಷೆಗೆ ಇವರೇ ಆಗಬೇಕೆಂದು ಅಲ್ಲಿಯವರೆಗೂ ಕಾದಿದ್ದರು. ಇವರು ಅದನ್ನೇ ಹಿಡಿದುಕೊಂಡು ಕೂತರು. ಒಂದು ಕೋಣೆ ಎಳೆಯಲು ಮಧ್ಯಾಹ್ನವಾಯಿತು. ಬಾಗಿಲು ಹಿಡಿಯಲು ಹೋದರೆ ಕಿಟಕಿ ಬರುತ್ತಿತ್ತು, ಕಿಟಕಿ ಅಳಿಸಲು ಹೋದರೆ ಗೋಡೆಯೇ ಹೋಗುತ್ತಿತ್ತು. ನಾನು ಹಿಂದೆ ನಿಂತು, "ಇದೂ ಸರಿ ಇಲ್ವಾ? ವಾಪಸ್ ಕೊಡಾಣ. ಶಿವಮೊಗ್ಗದಲ್ಲಿ ಬೇರೆ ನೋಡ್ತೀನಿ" ಎಂದೆ.

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಮೌಸ್ ಚೆನ್ನಾಗೇ ಇದೆ. ಕೈ ಕೇಳಲ್ಲ. ನೀನು ಎಷ್ಟು ಅಂಗಡಿ ಸುತ್ತಿದ್ರೂ ಅದು ಸಿಗಲ್ಲ."

ನಾನು ಏನಾದರೂ ಹೇಳಬೇಕಿತ್ತು. ನಿಧಾನಕ್ಕೆ ಅಭ್ಯಾಸ ಆಗುತ್ತದೆ ಎಂದೋ, ದೇವರಿದ್ದಾನೆ ಎಂದೋ. ಆರು ವಾರ ನಾನು ಹೊತ್ತುಕೊಂಡು ಓಡಾಡಿದ್ದು ಅವರ ಕೈಗೆ ಒಗ್ಗುವಂಥದ್ದು ಹೊರಗೆಲ್ಲಾದರೂ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆಯೊಂದನ್ನೇ. ಅದನ್ನು ಅವರು ಯಾವತ್ತೂ ನಂಬಿರಲಿಲ್ಲವೇನೋ. ನನ್ನ ಸಮಾಧಾನಕ್ಕೆಂದು ಕೈಯ ಅಳತೆ ಕೊಟ್ಟರೋ, ತಮ್ಮ ಸಮಾಧಾನಕ್ಕೋ, ನಾನು ಕೇಳಲಿಲ್ಲ.

ಮಾರನೆಯ ದಿನ ಅವರೇ ಹುಂಚದವರಿಗೆ ಫೋನ್ ಮಾಡಿ, "ಬೇರೆಯೋರ ಹತ್ರ ಮಾಡ್ಸಿ. ಬೇಜಾರೆಂತ ಇಲ್ಲ" ಎಂದರು.

ಕಂಪ್ಯೂಟರನ್ನು ಮಾತ್ರ ಮುಚ್ಚಿಡಲು ಬಿಡಲಿಲ್ಲ. ಈಗಲೂ ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು ತಾಸು ಕೂರುತ್ತಾರೆ. ಯಾರಿಗೂ ಬೇಡದ ಯಾವುದೋ ಮನೆಯ ನಕ್ಷೆ. ಕೆಲವು ದಿನ ಒಂದು ಜಗುಲಿ ಮುಗಿಯುತ್ತದೆ, ಕೆಲವು ದಿನ ನಿನ್ನೆಯದೂ ಅಳಿಸಿಹೋಗುತ್ತದೆ. ಹತ್ತಿರ ಹೋದರೆ, "ನಿಂಗೆ ಶಾಲೆಗೆ ಹೊತ್ತಾಯ್ತು, ಹೋಗು" ಎನ್ನುತ್ತಾರೆ. ನಾನು ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಲ್ಲುತ್ತೇನೆ. ಮೌಸಿನ ಸದ್ದು ಎರಡು ಸಲ ಕೇಳುತ್ತದೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಯೋಚಿಸುತ್ತಿದ್ದಾರೋ, ಕೈ ನಿಂತಿದೆಯೋ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಶಾಲೆಯ ಪ್ರಾರ್ಥನೆಯ ಹೊತ್ತಾಗುತ್ತದೆ, ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತೇನೆ.