ತವರಿನ ಕೈ

ಮೊಮ್ಮಗಳು ಕೂಸು ಎತ್ಕೊಂಡು ಬಂದಿದಾಳೆ, ಖುಷಿಗೆ ನನ್ನ ಹಿಡಿಯೋರಿಲ್ಲ! ನಿನ್ನೆ ಅವಳಿಗೆ ಮಡಿಲಕ್ಕಿ ತುಂಬುವಾಗ ಅಕ್ಕಿ ಸೆರಗು ಮೀರಿ ಚೆಲ್ಲಿತು. ಆಗ ಪಕ್ಕದ ಮನೆಯ ಮದ್ರಾಸಮ್ಮ ನೆನಪಾದಳು.

ಅದು ಊರು ಇಟ್ಟ ಹೆಸರು, ತಮಿಳು ಅವಳಿಗೆ ಒಂದಕ್ಷರ ಬಾರದು. ಬಳ್ಳಾರಿ ಕಡೆಯ ಅವಳ ತವರು ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿಂದ ಮೈಸೂರು ಸೀಮೆಯ ನಮ್ಮ ಶೆಟ್ಟಿಕೆರೆಗೆ ಸೊಸೆಯಾಗಿ ಬಂದಳು. ಆಮೇಲೆ ಪ್ರಾಂತ್ಯ ಒಡೆದರು. ಬಳ್ಳಾರಿ ನಮ್ಮ ಕಡೆ ಸೇರಿತು, ಅವಳ ಊರು ಮಾತ್ರ ಆಂಧ್ರಕ್ಕೆ ಹೋಯ್ತು. ಅಲ್ಲಿ ಅವಳ ತಮ್ಮನ ಮಕ್ಕಳು ತೆಲುಗು ಇಸ್ಕೂಲಿಗೆ ಹೋದರು. ಹೋಗಿಬರೋದು ನಿಂತಿತು, ಮಡಿಲಕ್ಕಿಯೂ ನಿಂತಿತು.

ಕಾಯಿ ಒಡೆದೊಡೆದು ಸೊಂಟ ಹಿಡ್ಕೊಂಡು, "ನಾನು ಕೂತಲ್ಲೇ ಕೂತಿದೀನಿ, ತವರೇ ಎದ್ದು ಹೋಯ್ತು. ಸಾಕಾಗೈತೆ ಕಣೇ" ಅನ್ನೋಳು.

ಒಂದು ವರ್ಷ ತಮ್ಮನ ಮಗ ತಿಪಟೂರಿಗೆ ಕೊಬ್ಬರಿ ಕೊಳ್ಳಲು ಬಂದವನು ತನ್ನ ಪುಟ್ಟ ಮಗಳನ್ನು ಕರ್ಕೊಂಡು ಅವಳ ಮನೆಗೂ ಬಂದ. ಇಬ್ಬರದೂ ತೆಲುಗೇ. ಇವಳು ಅರ್ಥವಾಗದೆ ಬರೀ ತಲೆಯಾಡಿಸಿದಳು. ಅವರು ಹೊರಡೋ ಹೊತ್ತಿಗೆ ನಮ್ಮ ಹಿತ್ತಲ ಬಾಗಿಲಿಗೆ ಬಂದಳು.

"ಒಂದು ಸೇರು ಅಕ್ಕಿ ಕೊಡೇ, ಬೇಗ."

"ನಿಮ್ಮನೇಲಿ ಇಲ್ವೇನಕ್ಕ?"

"ಐತೆ. ನನ್ನ ಮನೆ ಅಕ್ಕೀನ ನಾನೇ ಮಡಿಲು ತುಂಬ್ಕೊಳಕಾಯ್ತದಾ?"

ನಾನೂ ಹಿಂದೆಯೇ ಹೋದೆ. ಹುಡುಗಿಯ ಬೊಗಸೆಗೆ ಅಕ್ಕಿ ಸುರಿದು ತನ್ನ ಸೆರಗು ಒಡ್ಡಿದಳು. ಆಟ ಅಂದುಕೊಂಡು ಹುಡುಗಿ ನಗುತ್ತಾ ಹಾಕಿತು.

"ಅಕ್ಕಿ ನಿಮ್ಮನೇದೇ, ಬುಡು" ಅಂತ ಸೆರಗು ಗಂಟು ಹಾಕುತ್ತಾ ಅಂದಳು. "ಕೈ ನನ್ನ ತವರ್ದು ಕಣೇ."