ಹಿಂತೆಗೆಯದ ನಾಮಪತ್ರ

ಸನತ್‌ನಗರದ ನಮ್ಮ ಎದುರು ಮನೆಯ ಅಣ್ಣಾರು ಲೋಕಸಭೆಗೆ ನಿಲ್ಲುವುದನ್ನು ನಾನು ಮದುವೆಯಾಗಿ ಬಂದಾಗಿನಿಂದ ನೋಡುತ್ತಿದ್ದೆ. ಬೀದರ್ ಕಡೆಯವರು, ಕಾರ್ಮಿಕ ಸಂಘದಿಂದ ಮೇಲೆ ಬಂದವರು. ಒಮ್ಮೆ ಯಾವುದೋ ಸಣ್ಣ ಪಕ್ಷ, ಇನ್ನೊಮ್ಮೆ ಪಕ್ಷೇತರ. ಪ್ರತಿ ಸಲ ಸೋತು, ಮರುದಿನ ಗಡ್ಡ ಬೋಳಿಸಿಕೊಂಡು ಮುಂದಿನ ಚುನಾವಣೆಯ ಮಾತಾಡುತ್ತಿದ್ದರು.

ತಮ್ಮ ನಾಮಪತ್ರ ತಿರಸ್ಕೃತವಾದರೆ ಇರಲಿ ಎಂದು, ನಾನು ಅಕ್ಕ ಎಂದು ಕರೆಯುವ ಹೆಂಡತಿಯಿಂದಲೂ ಒಂದು ಹಾಕಿಸುವುದು ಅವರ ರೂಢಿ. ಎಲ್ಲರೂ ಅದನ್ನು ಡಮ್ಮಿ ಎನ್ನುತ್ತಿದ್ದರು. ಗಂಡನದು ಅಂಗೀಕಾರವಾದ ಮೇಲೆ ಅಕ್ಕ ತಮ್ಮದನ್ನು ವಾಪಸ್ ಪಡೆದು, ನನ್ನನ್ನೂ ಕರೆದುಕೊಂಡು ಅವರ ಪರವಾಗಿ ಮನೆಮನೆ ತಿರುಗುತ್ತಿದ್ದರು. ಕಲಬುರಗಿ, ಯಾದಗಿರಿಯಿಂದ ಬಂದು ಇಲ್ಲೇ ನೆಲೆಸಿದ ಕೂಲಿಯವರ ಓಣಿಗಳಲ್ಲಿ ಎಲ್ಲರನ್ನೂ ಮಾತಾಡಿಸುತ್ತಿದ್ದವರು ಅಕ್ಕನೇ.

ಕಳೆದ ಚುನಾವಣೆಯಲ್ಲಿ, ವಾಪಸ್ ಪಡೆಯುವ ಕೊನೆಯ ದಿನ, ಅಕ್ಕ ಮಧ್ಯಾಹ್ನ ನಮ್ಮ ಮನೆಗೆ ಬಂದರು. ಅಡುಗೆಮನೆಯಲ್ಲಿ ಕೂತು ನನ್ನೊಂದಿಗೆ ಪುಂಡಿಪಲ್ಲೆಯ ಸೊಪ್ಪು ಬಿಡಿಸಿ ಸೋಸಿದರು. ಫೋನ್ ಆಫ್ ಮಾಡಿದ್ದರು. ಮೂರು ಗಂಟೆ ದಾಟಿದ ಮೇಲೆ ಯಾರೋ ಬಾಗಿಲು ಬಡಿದರು. ನೋಡಿದರೆ ಅಣ್ಣಾರು, ಅಂಗಿಯೆಲ್ಲ ಬೆವರು.

"ತಂಗೀ, ನಮ್ಮಾಕಿ ಇಲ್ಲೇನರ ಬಂದಾಳೇನು? ಚುನಾವಣಾ ಆಫೀಸಿನ್ಯಾಗ ಕಾದು ಕಾದು ಸಾಕಾತು."

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅಕ್ಕ ಹೇಳಿದರು: "ಇಲ್ಲೇ ಅದೀನ್ರಿ. ವಾಪಸ್ ತಗೊಳ್ಳೋ ವ್ಯಾಳ್ಯಾ ಮುಗೀತು. ಈ ಸಲ ನಾನೂ ನಿಂತೀನಿ."

ಇಷ್ಟು ಹೊತ್ತು ಅವರು ನನ್ನ ಮನೆಯಲ್ಲಿ ಅಡಗಿ ಕೂತಿದ್ದರೆಂದು ಆಗ ಹೊಳೆಯಿತು. ಅಣ್ಣಾರು ಹೊಸ್ತಿಲ ಮೇಲೆ ಕುಸಿದು ನೀರು ಕೇಳಿದರು. ಕೊಟ್ಟರೆ ಕುಡಿಯದೆ, ಲೋಟ ಅಲ್ಲೇ ಇಟ್ಟು ಎದ್ದು ಹೋದರು.

"ಅಕ್ಕಾ, ಹಿಂಗ್ಯಾಕ ಮಾಡಿದ್ರಿ?" ಎಂದೆ.

"ಅವರು ಇಷ್ಟು ಸಲ ನಿಂತ್ರು. ಯಾಕ ನಿಂತೀರಿ ಅಂತ ಅವರನ್ನ ಒಮ್ಮೆರ ಕೇಳೀಯೇನು ನೀ?"

ಕೇಳಿರಲಿಲ್ಲ. ಸೊಪ್ಪಿನ ಬುಟ್ಟಿ ಎತ್ತಿಟ್ಟೆ.

ಆಮೇಲೆ ಆ ಒಂದೇ ಮನೆಯಿಂದ ದಿನವೂ ಎರಡು ಪ್ರಚಾರದ ಆಟೋ ಹೊರಟವು. ಅಣ್ಣಾರು ಒಬ್ಬರೇ ಕೂಲಿಯವರ ಓಣಿಗೆ ಹೋದಾಗ ಹೆಂಗಸರು, "ಅಕ್ಕಾರು ನಿಂತಾರಲ್ರಿ, ನೀವ್ಯಾಕ ಬಂದ್ರಿ?" ಎಂದರಂತೆ.

ಇಬ್ಬರೂ ಸೋತರು. ಅಕ್ಕನಿಗೆ ಗಂಡನಿಗಿಂತ ತುಸು ಹೆಚ್ಚೇ ಮತ ಬಿದ್ದಿದ್ದವು. ಎಣಿಕೆಯ ದಿನ ಸಂಜೆ ಇಬ್ಬರೂ ಒಂದೇ ಆಟೋದಿಂದ ಇಳಿದಾಗ ನಾನು ಗೇಟಿನ ಬಳಿ ನಿಂತಿದ್ದೆ. ಅಣ್ಣಾರು ಮುಖ ತಿರುಗಿಸಿ ಒಳಗೆ ಹೋದರು. ಹೆಂಡತಿಯೊಂದಿಗೆ ಅವರಿಗೆ ಎಂದೋ ರಾಜಿಯಾಗಿದೆ. ನನ್ನೊಂದಿಗೆ ಮಾತ್ರ ಇವತ್ತಿಗೂ ಮಾತಿಲ್ಲ. ಅಕ್ಕ ಎಷ್ಟು ಹೇಳಿದರೂ, ಅಂದು ತಮ್ಮ ಹೆಂಡತಿಯನ್ನು ಬಚ್ಚಿಟ್ಟವಳು ನಾನೇ ಎಂದು ನಂಬಿದ್ದಾರೆ.