ಕೀಪರನನ್ನು ಕೊಟ್ಟು ಎಡಗೈಯವನನ್ನು ತಂದದ್ದು

ಶಾನವಾಝ್‌ಗೆ ಅಬುಧಾಬಿಯಲ್ಲಿ ಒಂದು ನೆಲೆ ಸಿಕ್ಕಿದ್ದು ಓದಿನಿಂದಲ್ಲ, ವಿಕೆಟ್ ಹಿಂದೆ ಕೂತು ಚೆಂಡು ಹಿಡಿಯುವ ಎರಡು ಕೈಗಳಿಂದ. ಮಂಗಳೂರಿನ ಹತ್ತಿರದ ಫರಂಗಿಪೇಟೆಯಿಂದ ಹೆಲ್ಪರ್ ವೀಸಾದಲ್ಲಿ ಬಂದವನು, ರಜೆಯ ದಿನ ಮುಸಫ್ಫಾದ ಮರಳಿನಲ್ಲಿ ಟೆನಿಸ್ ಬಾಲ್ ಆಡುತ್ತಿದ್ದಾಗ ಮುಹಿಯುದ್ದೀನಾಕನ ಕಣ್ಣಿಗೆ ಬಿದ್ದ. ಮುಹಿಯುದ್ದೀನಾಕ ಪೈಪು, ನಲ್ಲಿಗಳ ದೊಡ್ಡ ವ್ಯಾಪಾರಿ. ಆದರೆ ಅವರ ಎದೆ ಉಬ್ಬುತ್ತಿದ್ದುದು ವ್ಯಾಪಾರದಿಂದಲ್ಲ, 'ನೇತ್ರಾವತಿ ಸ್ಟಾರ್ಸ್' ಎಂಬ ತಮ್ಮ ಕ್ರಿಕೆಟ್ ತಂಡದಿಂದ. ಸ್ವಲ್ಪ ದಿನದಲ್ಲೇ ಶಾನವಾಝ್ ಅವರ ಗೋದಾಮಿನ ಸ್ಟೋರ್ ಕೀಪರ್ ಆದ, ಶನಿವಾರ ವಿಕೆಟ್ ಕೀಪರ್ ಆದ.

ನೇತ್ರಾವತಿ ಆಡುತ್ತಿದ್ದ, ಊರಿನವರೇ ಸೇರಿ ನಡೆಸುವ ಲೀಗಿನಲ್ಲಿ ಒಂದು ನಿಯಮವಿತ್ತು. ತಂಡದಲ್ಲಿ ಆಡುವವನು ಆ ತಂಡದ ಮಾಲೀಕನ ಕಂಪನಿಯ ವೀಸಾದಲ್ಲೇ ಇರಬೇಕು. ಹೊರಗಿನವರನ್ನು ಬಾಡಿಗೆಗೆ ತಂದು ಕಪ್ ಹೊಡೆಯುವವರ ಕಾಟ ತಡೆಯಲು ಮಾಡಿದ ನಿಯಮ. ಹಾಗಾಗಿ ಮಾಲೀಕರು ಒಳ್ಳೆಯ ಆಟಗಾರರನ್ನು ಹುಡುಕಿ ಕೆಲಸ ಕೊಡುತ್ತಿದ್ದರು. ಮದುವೆಯಾದ ಮೇಲೆ ಶಾನವಾಝ್‌ಗೆ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ವಿಲ್ಲಾವೊಂದರಲ್ಲಿ ಎರಡು ಕೋಣೆಯ ಪೋರ್ಶನ್ ಸಿಕ್ಕಿತು. ಬಾಡಿಗೆ ಕಂಪನಿಯದು. ರಸೀನಾ ಬಂದಳು, ಮಗಳು ಆಮಿನ ಹುಟ್ಟಿದಳು, ಹತ್ತಿರದ ಇಂಡಿಯನ್ ಸ್ಕೂಲಿಗೆ ಸೇರಿದಳು. ಸ್ವಂತ ಸಂಬಳದಲ್ಲಿ ಅವನಿಗೆ ಆ ಮನೆಯ ಅಡುಗೆಕೋಣೆಯನ್ನೂ ಬಾಡಿಗೆಗೆ ಹಿಡಿಯಲಾಗುತ್ತಿರಲಿಲ್ಲ. ಅದು ಅವನಿಗೆ ಗೊತ್ತಿತ್ತು, ಆದರೆ ದಿನವೂ ನೆನಪಿಟ್ಟುಕೊಳ್ಳುವ ಸಂಗತಿಯಾಗಿರಲಿಲ್ಲ.

ಈ ಸಲ ಲೀಗಿಗೆ ಹೊಸದೊಂದು ಅಲಂಕಾರ ಬಂತು. ತಂದವರು ಲೀಗಿನ ಕಮಿಟಿಯಲ್ಲಿದ್ದ ದ್ವಾರಕನಾಥ್. ಮೈಸೂರಿನವರು, ಅಲ್ ರೀಮ್ ಐಲ್ಯಾಂಡಿನ ಎತ್ತರದ ಕಟ್ಟಡವೊಂದರಲ್ಲಿ ಮನೆ, ಐಟಿ ಕೆಲಸ. ಬ್ಯಾಟ್ ಹಿಡಿದವರಲ್ಲ, ಆದರೆ ಅಮೆರಿಕದ ಬೇಸ್‌ಬಾಲಿನಿಂದ ಹಿಡಿದು ಎಲ್ಲ ದೇಶದ ಎಲ್ಲ ಆಟಗಳ ಅಂಕಿಅಂಶ ಅವರ ಲ್ಯಾಪ್‌ಟಾಪಿನಲ್ಲಿ ಬೆಚ್ಚಗೆ ಕೂತಿದ್ದವು. ಅಲ್ಲೆಲ್ಲ ಸೀಸನ್ ನಡುವೆ ಆಟಗಾರರನ್ನು ಅದಲುಬದಲು ಮಾಡುತ್ತಾರೆ, ಅದಕ್ಕೊಂದು ಕಡೇ ದಿನ ಇರುತ್ತದೆ, ಆ ದಿನ ಹತ್ತಿರ ಬಂದರೆ ಊರಿಗೆ ಊರೇ ನಿದ್ದೆ ಬಿಡುತ್ತದೆ ಎಂದು ಅವರು ವರ್ಣಿಸಿದ್ದೇ ತಡ, ಮಾಲೀಕರೆಲ್ಲ ಒಪ್ಪಿಬಿಟ್ಟರು. ಸೆಮಿಫೈನಲಿಗೆ ಮೊದಲು ಒಂದು ತಂಡ ಒಬ್ಬನನ್ನು ಕೊಟ್ಟು ಒಬ್ಬನನ್ನು ತರಬಹುದು. ಗುರುವಾರ ಸಂಜೆ ಕೊನೆ.

ಅದಕ್ಕೆ ಮೊದಲಿನ ಶನಿವಾರ ಪಂದ್ಯ ಮುಗಿದ ಮೇಲೆ ಮುಹಿಯುದ್ದೀನಾಕನ ಮಜ್ಲಿಸಿನಲ್ಲಿ, ಅತಿಥಿಗಳು ಕೂರುವ ದೊಡ್ಡ ಕೋಣೆಯಲ್ಲಿ, ಅಭಿಮಾನಿಗಳೆಲ್ಲ ಸೇರಿದರು. ಸುಲೈಮಾನಿ ಚಹಾ ಬಂತು, ಸಮೋಸ ಬಂತು, ಚರ್ಚೆ ಏರಿತು. ಗೆದ್ದರೂ ಬ್ಯಾಟಿಂಗ್ ಮುಗ್ಗರಿಸಿತ್ತು.

"ಸೆಂಟಿಮೆಂಟ್ ಎಲ್ಲ ಬಿಡುವ ಮಾರಾಯ್ರೆ" ಎಂದ ಡ್ಯಾರಲ್. ಮಂಗಳೂರಿನ ಬೆಂದೂರಿನವನು, ಬ್ಯಾಂಕಿನಲ್ಲಿ ಕೆಲಸ, ತಂಡದ ಅಭಿಮಾನಿಗಳಲ್ಲಿ ಅತಿದೊಡ್ಡ ಗಂಟಲು. "ಯಾರನ್ನು ಕೊಟ್ರೂ ಅಡ್ಡಿ ಇಲ್ಲ, ನಮಗೊಬ್ಬ ಹೊಡಿಯುವವ ಬೇಕು."

"ಯಾರು ಅಂತ?" ಎಂದರು ದ್ವಾರಕನಾಥ್, ಲ್ಯಾಪ್‌ಟಾಪ್ ತೆರೆದು.

ಆಗ ಬಾಯಿ ತೆರೆದವನು ಶಾನವಾಝ್. ಆಟಗಾರನಾದರೂ ಆ ಮಜ್ಲಿಸಿನಲ್ಲಿ ಅವನೂ ಒಬ್ಬ ಅಭಿಮಾನಿಯೇ.

"ನಂದನ್" ಎಂದ. "ದುಬೈಯ ಶಹೀರನ ತಂಡದ ಎಡಗೈಯವ. ನಾನು ಅವನ ಹಿಂದೆ ನಿಂತು ನೋಡಿದ್ದೇನೆ ಅಲ್ವಾ. ಅವನಿಗೆ ಚೆಂಡು ನಮಗಿಂತ ಮೊದಲೇ ಕಾಣ್ತದೆ. ಅವನೊಬ್ಬ ಬಂದ್ರೆ ಕಪ್ ನಮ್ಮದೇ. ಏನು ಕೊಟ್ಟಾದ್ರೂ ತನ್ನಿ."

ಏನು ಕೊಟ್ಟಾದರೂ. ಪುಣ್ಯಾತ್ಮ, ಹಾಗೇ ಹೇಳಿದ. ನಂದನ್ ಯಾವ ಚೆಂಡಿಗೆ ಎಲ್ಲಿ ಹೊಡೆಯುತ್ತಾನೆಂದು ಎದ್ದುನಿಂತು ಆಡಿ ತೋರಿಸಿದ. ಯಾರನ್ನು ಬಿಡಬಹುದು ಎಂಬ ಮಾತು ಬಂದಾಗ ಮೂರನೇ ಬೌಲರನ ಹೆಸರನ್ನೂ ಸೂಚಿಸಿದ. ಮುಹಿಯುದ್ದೀನಾಕ ಚಹಾ ಹೀರುತ್ತಾ ಕೇಳುತ್ತಿದ್ದರು. ಮನೆಗೆ ಮರಳುವ ದಾರಿಯುದ್ದಕ್ಕೂ ಶಾನವಾಝ್ ಖುಷಿಯಲ್ಲಿದ್ದ, ತನ್ನ ಮಾತಿಗೆ ಅಷ್ಟು ಜನ ತಲೆದೂಗಿದ್ದು ಅವನ ಬದುಕಿನಲ್ಲಿ ಅಪರೂಪ.

ಶುಕ್ರವಾರ ಬೆಳಿಗ್ಗೆ ಮುಹಿಯುದ್ದೀನಾಕ ಅವನನ್ನು ಆಫೀಸಿಗೆ ಕರೆಸಿ ಕೂರಿಸಿದರು. ಕೂರಿಸಿದಾಗಲೇ ಅವನಿಗೆ ಏನೋ ಸರಿಯಿಲ್ಲ ಅನಿಸಿತು.

"ನಂದನ್ ಬಂದಾಯ್ತು" ಎಂದರು.

"ಅಲ್ಹಮ್ದುಲಿಲ್ಲಾ. ಯಾರನ್ನು ಕೊಟ್ಟದ್ದು?"

"ಶಹೀರ್ ಬೌಲರನ್ನು ಬೇಡ ಅಂದ. ಅವನಿಗೆ ಕೀಪರ್ ಬೇಕಂತೆ."

ಶಾನವಾಝ್ ನಕ್ಕ. ಎದುರಿಗಿದ್ದವರು ನಗಲಿಲ್ಲ.

"ನಿನ್ನೆ ಸಂಜೆ ಮುಗೀತು. ಅಲ್ಲಿಯೂ ಸಂಬಳ ಇಷ್ಟೇ, ಕೆಲಸವೂ ಸ್ಟೋರಿನದ್ದೇ. ವೀಸಾ ಅವರೇ ಬದಲಿಸ್ತಾರೆ."

"ಮತ್ತೆ ಮನೆ?"

ಮುಹಿಯುದ್ದೀನಾಕ ಕನ್ನಡಕ ತೆಗೆದು ಒರೆಸಿದರು. "ಶಹೀರನಲ್ಲಿ ಫ್ಯಾಮಿಲಿ ಮನೆ ಇಲ್ಲ, ದುಬೈಯ ಅಲ್ ಕೂಜಿನಲ್ಲಿ ಗಂಡಸರ ಲೇಬರ್ ಕ್ಯಾಂಪ್ ಉಂಟು. ನಂದನ್ ಒಪ್ಪಿದ್ದೇ ಮನೆಗೋಸ್ಕರ. ಅವನ ಹೆಂಡತಿ, ಮಗು ಊರಿಂದ ಬರ್ಲಿಕ್ಕೆ ಕಾಯ್ತಾ ಇದ್ದಾರೆ. ಅವನಿಗೆ ಮಾತು ಕೊಟ್ಟಾಗಿದೆ. ನೀನೇ ಹೇಳಿದ್ದಲ್ವಾ, ಏನು ಕೊಟ್ಟಾದ್ರೂ ತನ್ನಿ ಅಂತ."

ಶಾನವಾಝ್ ಸಿಟ್ಟಾಗಬೇಕಿತ್ತು, ಮೇಜು ಗುದ್ದಬೇಕಿತ್ತು. ಅನ್ನ ಕೊಟ್ಟವರ ಎದುರು ದನಿ ಏರಿಸಿ ಅಭ್ಯಾಸವಿಲ್ಲದವನು, ಎದ್ದು ಸಲಾಂ ಹೇಳಿ ಬಂದ. ಆ ಸಲಾಮಿಗಾಗಿ ಆಮೇಲೆ ತನ್ನನ್ನೇ ಎಷ್ಟು ಬೈದುಕೊಂಡನೋ.

ಅಷ್ಟರಲ್ಲಿ ತಂಡದ ಗ್ರೂಪಿನಲ್ಲಿ ಪಟಾಕಿ ಹೊಡೆದಿತ್ತು. ನಂದನ್‌ಗೆ ಸ್ವಾಗತ, ಮಾಲೀಕರ ಗಟ್ಟಿ ನಿರ್ಧಾರಕ್ಕೆ ಚಪ್ಪಾಳೆ. ಶಾನವಾಝ್‌ಗೂ ಯಾರೋ ಒಂದು ಹೂಗುಚ್ಛದ ಚಿತ್ರ ಹಾಕಿದ್ದರು, ಸತ್ತವರಿಗೆ ಹಾಕುವ ಹಾಗೆ.

ಅವನು ದ್ವಾರಕನಾಥರನ್ನು ಹುಡುಕಿಕೊಂಡು ರೀಮ್ ಐಲ್ಯಾಂಡಿಗೆ ಹೋದ. ನಿಯಮ ಮಾಡಿದವರು ಮನಸ್ಸು ಮಾಡಿದರೆ ನಿಯಮ ಸಡಿಲವಾದೀತು ಎಂಬ ಆಸೆ. ಅವರು ಒಳಗೆ ಕರೆದು ಕಾಫಿ ಕೊಟ್ಟರು, ಎಲ್ಲವನ್ನೂ ಕೇಳಿದರು. ನಿಜವಾಗಿಯೂ ಅವರ ಮುಖ ಬಾಡಿತು.

"ಅಯ್ಯೋ, ಇದರ ಜೊತೆ ಮನೆನೂ ಹೋಗುತ್ತೆ ಅಂತ ನಂಗೆ ಹೊಳೀಲೇ ಇಲ್ಲ ಕಣ್ರೀ" ಎಂದರು. "ಅಲ್ಲೆಲ್ಲ ಆಟಗಾರರು ಕೋಟ್ಯಧಿಪತಿಗಳು. ಎಲ್ಲಿ ಹೋದ್ರೂ ಬಂಗ್ಲೆ."

"ಸರ್, ನೀವೊಂದು ಮಾತು ಹೇಳಿದ್ರೆ ಕ್ಯಾನ್ಸಲ್ ಆಗ್ತದೆ."

ದ್ವಾರಕನಾಥ್ ಕಿಟಕಿಯಾಚೆ ಸಮುದ್ರ ನೋಡಿದರು. "ಕಡೇ ದಿನ ದಾಟಿಹೋಯ್ತಲ್ಲ. ನಾನೇ ಮಾಡಿದ ರೂಲು, ನಾನೇ ಮುರಿದ್ರೆ ನಾಳೆ ಎಲ್ಲಾ ತಂಡದವರೂ ಬಂದು ಕೂರ್ತಾರೆ. ಬೇಜಾರು ಮಾಡ್ಕೋಬೇಡಿ."

ಅವರು ಕೆಟ್ಟವರಲ್ಲ. ಡ್ಯಾರಲ್ ಕೂಡ ಅಲ್ಲ. ಆಟವನ್ನು ಪ್ರೀತಿಸುವ ಒಳ್ಳೆಯ ಜನ. ಇಂಥ ಒಳ್ಳೆಯವರ ಕೈಗೆ ಸಿಕ್ಕವನ ಗತಿ ಯಾರಿಗೂ ಬೇಡ.

ರಸೀನಾ ಅಳಲಿಲ್ಲ. ಆಮಿನಳ ಸ್ಕೂಲಿನ ಟಿ.ಸಿ. ತಂದಳು, ಗೋಡೆಯ ಕ್ಯಾಲೆಂಡರ್ ತೆಗೆದಳು, ಗ್ಯಾಸ್ ಒಲೆಯನ್ನು ಹೊಳೆಯುವ ಹಾಗೆ ಉಜ್ಜಿದಳು.

"ಬರುವವರಿಗೆ ಇಷ್ಟು ಯಾಕೆ ಉಜ್ಜುದು?" ಎಂದ ಶಾನವಾಝ್.

"ಆ ಹೆಂಗಸು ನನಗೆ ಎಂತ ಮಾಡಿದ್ದಾಳೆ? ಅವಳ ಗಂಡ ಒಳ್ಳೆ ಆಟಗಾರ ಅಂತ ಊರಿಗೆಲ್ಲ ಹೇಳಿದ್ದು ನೀವು" ಎಂದಳು, ಒಲೆಯಿಂದ ಕಣ್ಣು ತೆಗೆಯದೆ. ಮತ್ತೆ ಆ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಆಮಿನ ನೇತ್ರಾವತಿಯ ನೀಲಿ ಅಂಗಿ ಹಾಕಿಕೊಂಡೇ ಮಂಗಳೂರಿನ ವಿಮಾನ ಹತ್ತಿದಳು. ಯಾಕೆ ಹೋಗುತ್ತಿದ್ದೇವೆಂದು ಅವಳಿಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ಅಪ್ಪನಿಗೆ, ಅವಳ ಉಪ್ಪನಿಗೆ, ದುಬೈಯಲ್ಲಿ ಕೆಲಸ ಎಂದಷ್ಟೇ ಗೊತ್ತು.

ಅಷ್ಟು ಹೊತ್ತಿಗೆ ವೀಸಾವೂ ಬದಲಾಗಿತ್ತು. ಸೆಮಿಫೈನಲಿನಲ್ಲಿ ನೇತ್ರಾವತಿಗೆ ಎದುರಾದದ್ದು ಶಹೀರನ ತಂಡವೇ. ಹಸಿರು ಅಂಗಿ ತೊಟ್ಟು ಶಾನವಾಝ್ ವಿಕೆಟ್ ಹಿಂದೆ ಕೂತ. ನಂದನ್ ಬ್ಯಾಟ್ ಹಿಡಿದು ಬಂದವನು ಮೊದಲು ತಿರುಗಿ ನಕ್ಕ.

"ಶಾನವಾಝಣ್ಣ, ಬಿಂದು ಮೊನ್ನೆ ಬಂದ್ಳು. ಅಡುಗೆಮನೆ ನೋಡಿ ತುಂಬ ಖುಷಿಯಾಯ್ತು ಅವಳಿಗೆ. ಅಕ್ಕನಿಗೆ ಹೇಳಿ."

ಶಾನವಾಝ್ ತಲೆಯಾಡಿಸಿದ. ಮನೆಯವರು ಕೂರುವ ಚಪ್ಪರದ ಕೆಳಗೆ, ರಸೀನಾ ಕೂರುತ್ತಿದ್ದ ಕಡೆ, ಒಬ್ಬ ಹೆಂಗಸು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ನಂದನ್ ಶಾನವಾಝ್ ಹೇಳಿದ್ದ ಹಾಗೇ ಆಡಿದ. ಎಲ್ಲೆಲ್ಲಿ ಹೊಡೆಯುತ್ತಾನೆಂದು ಮಜ್ಲಿಸಿನಲ್ಲಿ ತೋರಿಸಿದ್ದನೋ ಅಲ್ಲಲ್ಲೇ ಹೊಡೆದ. ಗೆಲುವು ಕೈಗೆ ಸಿಗುವಷ್ಟರಲ್ಲಿ ಒಂದು ಚೆಂಡಿಗೆ ಮುಂದೆ ಹೆಜ್ಜೆ ಇಟ್ಟು ತಪ್ಪಿದ. ಶಾನವಾಝ್‌ನ ಕೈ ಯೋಚನೆ ಮಾಡಲಿಲ್ಲ. ಬೇಲ್ಸ್ ಹಾರಿದವು, ನಂದನ್ ಔಟ್. ಅಲ್ಲಿಂದ ನೇತ್ರಾವತಿ ಪೂರ್ತಿ ಕುಸಿಯಿತು.

ಪಂದ್ಯ ಮುಗಿದ ಮೇಲೆ ಡ್ಯಾರಲ್ ಬಂದು ಅವನ ಹೆಗಲ ಮೇಲೆ ಕೈ ಹಾಕಿದ. ಹಿಂದೆ ದ್ವಾರಕನಾಥ್.

"ನಿನ್ನನ್ನು ಬಿಡ್ಬಾರ್ದಿತ್ತು ಮಾರಾಯ. ಎಲ್ರೂ ಅದೇ ಹೇಳ್ತಾ ಇದ್ದಾರೆ" ಎಂದ ಡ್ಯಾರಲ್.

"ಮುಂದಿನ ಸೀಸನ್‌ಗೆ ವಾಪಸ್ ತರೋಣ" ಎಂದರು ದ್ವಾರಕನಾಥ್, ಹೊಸ ಉತ್ಸಾಹದಲ್ಲಿ. "ನಂದನ್‌ನ ಕೊಟ್ಟುಬಿಟ್ರೆ ಶಹೀರ್ ಬೇಡ ಅನ್ನಲ್ಲ. ಮನೆನೂ ನಿಮಗೆ ವಾಪಸ್ ಬರುತ್ತೆ. ಏನಂತೀರ?"

ಶಾನವಾಝ್ ಚಪ್ಪರದ ಕಡೆ ನೋಡಿದ. ಬಿಂದು ಸೋತುಬಂದ ಗಂಡನ ಬೆವರು ಒರೆಸುತ್ತಿದ್ದಳು, ಮಗು ಅವನ ಬ್ಯಾಟಿನ ಹಿಡಿ ಹಿಡಿದು ಎಳೆಯುತ್ತಿತ್ತು.

"ಒಮ್ಮೆ ಹೇಳಿದ್ದು ಸಾಕು ಸರ್" ಎಂದ. "ನನ್ನನ್ನು ಏನೂ ಕೇಳ್ಬೇಡಿ."

ಅವನಿಗೆ ಏನೋ ಕೋಪ ಎಂದುಕೊಂಡು ಅವರು ಅಲ್ಲೇ ನಿಂತು ತಮ್ಮ ತಮ್ಮಲ್ಲೇ ಚರ್ಚೆ ಮುಂದುವರಿಸಿದರು.

ಕ್ಯಾಂಪಿಗೆ ಹೋಗುವ ಬಸ್ಸಿನಲ್ಲಿ ಹುಡುಗರು ಕುಣಿಯುತ್ತಿದ್ದರು. ಶಹೀರ್ ಎಲ್ಲರಿಗೂ ಬಿರಿಯಾನಿ ಹೇಳಿದ್ದ. ಶಾನವಾಝ್‌ನ ಫೋನ್ ಹೊಡೆದುಕೊಂಡಿತು. ಪರದೆಯಲ್ಲಿ ಆಮಿನ, ಮೈಮೇಲೆ ಅದೇ ನೀಲಿ ಅಂಗಿ.

"ಉಪ್ಪಾ, ಡಿಡ್ ವಿ ವಿನ್?"

ಅವನು ತೊಟ್ಟಿದ್ದ ಹಸಿರು ಅಂಗಿ ಕಾಣದ ಹಾಗೆ ಫೋನನ್ನು ಮುಖಕ್ಕೆ ಹತ್ತಿರ ಹಿಡಿದ.

"ಇಲ್ಲ ಮಗಾ" ಎಂದ. "ಸೋತೆವು."